ಹಿರಿಯರ ಪೆಟ್ಟಿಗೆಯೊಳಗಿನ ರಿವಾಲ್ವರು: ಅದರ ಬೆಲೆ ಯಾವುದರಲ್ಲಿದೆ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ದೇಸಗತಿ, ಇನಾಮು, ಗೌಡಕಿಗಳನ್ನು ನಡೆಯಿಸಿದ ಮನೆತನಗಳಿವೆ. ಬೆಳಗಾವಿಯ ದಂಡಿನಲ್ಲಿ ಸೇರಿ ದೂರದೇಶದ ಯುದ್ಧಗಳನ್ನು ಕಂಡುಬಂದವರ ಮನೆಗಳೂ ಉಂಟು. ಇಂಥ ಮನೆಯ ಹಳೆಯ ಪೆಟ್ಟಿಗೆಯೊಳಗಿಂದ ಸೈನಿಕ ರಿವಾಲ್ವರೊಂದು ಹೊರಬಿದ್ದರೆ ಆಶ್ಚರ್ಯವಿಲ್ಲ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಇದರ ಬೆಲೆಯೆಷ್ಟು? ಇದನ್ನು ಇಟ್ಟುಕೊಳ್ಳಬಹುದೆ? ಜನರು ಮೊದಲನೆಯದನ್ನೇ ಮೊದಲು ಕೇಳುತ್ತಾರೆ. ಆದರೆ ಎರಡನೆಯದಕ್ಕೆ ಉತ್ತರ ದೊರೆಯುವವರೆಗೆ ಮೊದಲನೆಯದಕ್ಕೆ ಅರ್ಥವೇ ಇಲ್ಲವೆಂದು ನಾವು ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ಆಯುಧಕ್ಕೂ ಕಾಗದಕ್ಕೂ ಗಂಟು ಬಿದ್ದುದು ನಮ್ಮ ಸೀಮೆಯಲ್ಲಿ ಬಹು ಹಿಂದಿನ ಮಾತು. 1857ರಲ್ಲಿ ಕುಂಪಣಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಿತು. ಮೂಡಲಗಿಯ ಆಚೆಗಿರುವ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರುಗಳನ್ನು ಕೊಡಲೊಲ್ಲದೆ ತಿರುಗಿಬಿದ್ದರು. ಅವರ ಊರು ಸುಡಲ್ಪಟ್ಟಿತು, ಹಲವರು ಗಲ್ಲಿಗೇರಿದರು. 1878ರ ಆಯುಧಗಳ ಕಾಯಿದೆಯಿಂದ ಪರವಾನಗಿಯ ಪದ್ಧತಿ ಇನ್ನೂ ಬಿಗಿಯಾಯಿತು. ಆದುದರಿಂದ ಆ ಕಾಲದ ರಿವಾಲ್ವರು ಮನೆಯಲ್ಲಿ ನ್ಯಾಯವಾಗಿ ಇದ್ದಿದ್ದರೆ, ಅದರ ಸಂಗಡ ಒಂದು ಕಾಗದವೂ ಇದ್ದಿರಲೇಬೇಕು. ಆಯುಧ ಸಿಕ್ಕಿದವರು ಆ ಕಾಗದವನ್ನೂ ಹುಡುಕತಕ್ಕದ್ದು.

ಇಂದು ನಡೆಯುತ್ತಿರುವುದು 1959ರ ಆಯುಧಗಳ ಕಾಯಿದೆ. ಪರವಾನಗಿಯಿಲ್ಲದೆ ರಿವಾಲ್ವರನ್ನು ಇಟ್ಟುಕೊಳ್ಳುವುದು ಅಪರಾಧ, ಅಜ್ಜನದೆಂಬುದು ಪರಿಹಾರವಲ್ಲ. ಪುರಾತನವೋ ಕೆಟ್ಟುಹೋದುದೋ ಆಗಿದ್ದು, ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದಂಥ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿಯುಂಟು. ತುಕ್ಕು ಹಿಡಿದುದೆಲ್ಲ ಈ ವಿನಾಯಿತಿಗೆ ಸೇರಲಾರದು. ಆ ನಿರ್ಣಯವನ್ನು ಮನೆಯವರೇ ಮಾಡಿಕೊಳ್ಳಬಾರದು. ಸಿಕ್ಕ ಆಯುಧದ ಕುದುರೆಯನ್ನು ಎಳೆದು ನೋಡದೆ, ಒಳಗೆ ಕಾಡತೂಸು ಇದೆಯೆಂದೇ ಭಾವಿಸಿ, ಮಕ್ಕಳಿಂದ ದೂರವಿರಿಸಿ, ಹತ್ತಿರದ ಪೋಲೀಸು ಠಾಣೆಗೆ ಸುದ್ದಿ ಮುಟ್ಟಿಸಿ, ಅವರು ಹೇಳಿದಂತೆ ನಡೆಯುವುದು ಕ್ಷೇಮ. ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವು ಇರಿಸಿ, ವಾರಸುದಾರರು ಪರವಾನಗಿಗಾಗಿ ಅರ್ಜಿ ಹಾಕುವ ದಾರಿಯಿದೆ.

ಇನ್ನು ಬೆಲೆಯ ವಿಚಾರ. ಆಂಗ್ಲರ ಸೈನಿಕ ರಿವಾಲ್ವರುಗಳ ವಂಶಾವಳಿ ದೊಡ್ಡದಲ್ಲ. ರಾಬರ್ಟ್ ಆಡಮ್ಸನ ಐದು ಗುಂಡಿನ ರಿವಾಲ್ವರು 1851ರದು; ಎನ್‌ಫೀಲ್ಡ್ 1880ರದು; ನಡುವೆ ಮಡಿಚಿ ತೆರೆಯುವ ವೆಬ್ಲಿಯ ಮೊದಲನೆಯ ಮಾದರಿ 1887ರದು, ಆರನೆಯದು 1915ರದು. ಪರೀಕ್ಷಕರು ಮೊದಲು ನೋಡುವುದು ಅಚ್ಚುಗಳನ್ನು. ಬಾಣದ ಮೊನೆಯಂಥ ಗುರುತು ಅದು ಸರಕಾರದ ಸೊತ್ತೆಂಬುದನ್ನು ಸೂಚಿಸುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ಕೂಡಿದ್ದರೆ, ಸೈನ್ಯವು ಅದನ್ನು ಮಾರಿಬಿಟ್ಟಿತೆಂದು ಅರ್ಥ. ಸಾಮಾನ್ಯ ಸಿಪಾಯಿಯ ಕೈಗೆ ರಾಯಫಲು, ಅಧಿಕಾರಿಯ ಸೊಂಟಕ್ಕೆ ರಿವಾಲ್ವರು ಎಂಬುದು ಅಂದಿನ ರೂಢಿ. ಅನೇಕ ಅಧಿಕಾರಿಗಳು ಅದನ್ನು ಸ್ವಂತ ಹಣದಿಂದಲೇ ಕೊಳ್ಳುತ್ತಿದ್ದುದರಿಂದ ಕೆಲವುಗಳ ಮೇಲೆ ಅಂಗಡಿಯ ಹೆಸರನ್ನೂ ಕಾಣಬಹುದು. ಅಕ್ಷರಗಳು ಸೊಟ್ಟಗಿದ್ದರೆ ಅಥವಾ ತಿರುವುಮುರುವಾಗಿದ್ದರೆ, ವಾಯವ್ಯ ಗಡಿಯ ದರ್ರಾದಂಥ ಊರುಗಳಲ್ಲಿ ಕೈಯಿಂದ ಮಾಡಿದ ನಕಲೆಂದು ಸಂಶಯಪಡಬೇಕು.

ಎರಡನೆಯದಾಗಿ ನೋಡುವುದು, ಆಯುಧವು ಹುಟ್ಟಿದಂತೆಯೇ ಉಳಿದಿದೆಯೆ ಎಂಬುದನ್ನು. ಚೌಕಟ್ಟಿನ ಅಂಕಿಯೂ ಗುಂಡು ತುಂಬುವ ಉರುಳೆಯ ಅಂಕಿಯೂ ಒಂದೇ ಆಗಿರಬೇಕು. ಅಮೇರಿಕೆಗೆ ಹೋದ ಎಷ್ಟೋ ವೆಬ್ಲಿಗಳ ಉರುಳೆಯನ್ನು, ಅಲ್ಲಿಯ ಕಾಡತೂಸು ಹಿಡಿಯಲೆಂದು, ಹಿಂದಿನಿಂದ ಅರೆದುಬಿಟ್ಟರು. ಇಂದು ಸಂಗ್ರಾಹಕರು ಅಂಥವಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ. ನಮ್ಮ ಮನೆಗಳಲ್ಲಿ ಆಗುವ ಹಾನಿ ಬೇರೆ ಬಗೆಯದು. ಹಬ್ಬಕ್ಕೆ ತಾಮ್ರದ ಕೊಡವನ್ನು ತಿಕ್ಕಿದಂತೆ ರಿವಾಲ್ವರನ್ನೂ ಬೂದಿಯಿಂದಲೋ ಮರಳುಕಾಗದದಿಂದಲೋ ತಿಕ್ಕಿ ಬೆಳಗಿಸುವವರುಂಟು. ಉಕ್ಕಿನ ನೀಲಿ ಮೆರುಗೂ ಸಣ್ಣ ಅಚ್ಚುಗಳೂ ಹೀಗೆ ಒಮ್ಮೆ ಅಳಿದರೆ ಮರಳಿ ಬರಲಾರವು. ಹೊಳಪು ಬಂದಿತು, ಬೆಲೆ ಹೋಯಿತು.

ಮೂರನೆಯದು ವಿರಳತೆ. ವೆಬ್ಲಿಯ ಆರನೆಯ ಮಾದರಿ ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಆದುದರಿಂದ ಹಳೆಯದಾದ ಮಾತ್ರಕ್ಕೆ ಅದು ನಿಧಿಯಾಗಲಾರದು. ಅಮೇರಿಕೆಯಲ್ಲಿ 1847ರಲ್ಲಿ ಮಾಡಿದ ಕೋಲ್ಟ್ ವಾಕರ್ ರಿವಾಲ್ವರುಗಳಾದರೋ ಸುಮಾರು 1,100 ಮಾತ್ರ. ಅವುಗಳಲ್ಲೊಂದು, ತನ್ನ ಮೂಲದ ಪೆಟ್ಟಿಗೆಯೊಡನೆ, ಡೇನಿಷ್ ನಾವಿಕನೊಬ್ಬನ ಸ್ವತ್ತೆಂಬ ಚರಿತ್ರೆಯೊಡನೆ ಉಳಿದುಬಂದುದರಿಂದ, 2018ರ ಲಿಲಾವಿನಲ್ಲಿ 18 ಲಕ್ಷ 40 ಸಾವಿರ ಡಾಲರುಗಳಿಗೆ ಹೋಯಿತು. ಅಲ್ಲಿ ಉಕ್ಕಿನಷ್ಟೇ ಚರಿತ್ರೆಗೂ ಬೆಲೆ ಬಂದಿತು.

ಆದರೆ ಪರದೇಶದ ಲಿಲಾವಿನ ಬೆಲೆಯನ್ನು ಓದಿ ಗೋಕಾಕದಲ್ಲಿ ಲೆಕ್ಕ ಹಾಕುವುದು ಸಲ್ಲದು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೂ ಹಳೆಯದಾದ ಇಂಥ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಒಳನಾಡಿನಲ್ಲಿಯೂ ಪರವಾನಗಿಯುಳ್ಳವರಿಗೇ ಮಾರಬೇಕು. ಸೈನ್ಯದ ಕಾಡತೂಸಿನ ಅಳತೆಯವಾದರೆ ಅವರಲ್ಲಿಯೂ ಕೊಳ್ಳಬಲ್ಲವರು ವಿರಳ. 1980ರ ದಶಕದಿಂದ ಪರದೇಶದ ಬಂದೂಕುಗಳ ಆಮದು ಬಹುಮಟ್ಟಿಗೆ ನಿಂತುಹೋದುದರಿಂದ ನಮ್ಮಲ್ಲಿ .32 ಅಂಗುಲದ ಸಾಮಾನ್ಯ ವೆಬ್ಲಿಗಳಿಗೆ ದುಬಾರಿ ಬೆಲೆ ಬಂದಿತು. ಅದು ಪ್ರಾಚೀನತೆಯ ಬೆಲೆಯಲ್ಲ, ಅಭಾವದ ಬೆಲೆ.

ಹೀಗಿರಲು, ಮನೆಯಲ್ಲಿ ಹಿರಿಯರಿರುವಾಗಲೇ ಅವರನ್ನು ಕೇಳಿ ಆಯುಧದ ಕಥೆಯನ್ನು ಬರೆದಿಡತಕ್ಕದ್ದು: ಯಾರದು, ಯಾವ ವರ್ಷ ಬಂದಿತು, ಯಾರು ಕೊಟ್ಟರು. ಹಳೆಯ ಪರವಾನಗಿ, ಸೇವೆಯ ಪ್ರಮಾಣಪತ್ರ, ಪದಕ, ಚಿತ್ರಪಟ, ಚರ್ಮದ ಒರೆ ಇವಾವುದನ್ನೂ ರದ್ದಿಗೆ ಹಾಕಬಾರದು. ಕಾಗದವಿದ್ದ ರಿವಾಲ್ವರು ಮನೆತನದ ಚರಿತ್ರೆಯಾಗುತ್ತದೆ. ಇಲ್ಲದುದು ಮೊಮ್ಮಕ್ಕಳನ್ನು ಕೋರ್ಟಿನ ಕಟ್ಟೆ ಹತ್ತಿಸೀತು.