ತಾತನ ಹೆಸರಲ್ಲೇ ಉಳಿದ ಪಹಣಿ

ಶಿವಗಂಗೆ ಬೆಟ್ಟದ ಬುಡದಲ್ಲಿ ನಮ್ಮದು ಎರಡು ಎಕರೆ ರಾಗಿ ಹೊಲ. ಉಳೋದು, ಬಿತ್ತೋದು ಎಲ್ಲ ಅಪ್ಪ. ಆದ್ರೆ ಪಹಣಿಯ 9ನೇ ಕಾಲಂನಲ್ಲಿ ಇವತ್ತಿಗೂ ತಾತನ ಹೆಸರು. ತಾತ ತೀರಿಕೊಂಡು ಹನ್ನೆರಡು ವರ್ಷ ಆಯ್ತು!

ಇದ್ರಿಂದ ಏನಾಗುತ್ತೆ? ಬೆಳೆ ಸಾಲ ಸಿಗೋದು ಕಷ್ಟ. ಭೂಸ್ವಾಧೀನ ಆದ್ರೆ ಪರಿಹಾರಕ್ಕೂ ಅಲೆದಾಟ. ಪಕ್ಕದಲ್ಲೇ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶ. 2020ರ ಭೂಸುಧಾರಣಾ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಬೆಲೆ ಏರಿದ ಹಾಗೆಲ್ಲ, ದಾಖಲೆ ಸರಿ ಇಲ್ಲದ ಹೊಲಕ್ಕೆ ತಕರಾರೂ ಜಾಸ್ತಿ.

ದಾರಿ ಒಂದೇ, ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡ್ಕೊಂಡು ನಾಡಕಚೇರಿಯಲ್ಲಿ ಅರ್ಜಿ ಹಾಕ್ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲೇಬೇಕು. ಅವರಿಗೂ ಸಮಪಾಲು ಅನ್ನುತ್ತೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ.

ನಮ್ಮನೇಲಿ ಕೆಲಸ ನಿಂತಿದ್ದೇ ಇಲ್ಲಿ. "ಅವಳಿಗೆ ಮದುವೇಲೇ ಕೊಟ್ಟಾಯ್ತಲ್ಲ" ಅಂದ್ರು ಅಪ್ಪ. ಕೊನೆಗೆ ನಾನೇ ಅತ್ತೆಗೆ ಫೋನ್ ಮಾಡಿದೆ. "ಮೊದ್ಲು ನನ್ನ ಹೆಸರು ಬರ್ಸು ಕಣಪ್ಪ, ಪಾಲಿನ ಮಾತು ಆಮೇಲೆ" ಅಂದ್ರು. ಹೋದ ವಾರ ಅರ್ಜಿ ಹಾಕಿದ್ವಿ, ಅತ್ತೆ ಹೆಸರೂ ಸೇರಿಸಿ.

ನೀವೂ ಒಂದ್ಸಲ 'ಭೂಮಿ' ವೆಬ್‌ಸೈಟ್ ತೆಗೆದು ಸರ್ವೆ ನಂಬರ್ ಹಾಕಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, ನೋಡಿ.