ಸವಾರನ ಉಸಿರು, ಕುದುರೆಯ ಬೆನ್ನು

ಮೂಡಿಗೆರೆ, ಕಳಸದ ಕಡೆಯ ಹಳ್ಳಿಗಳಲ್ಲಿ ಮಳೆ ಹಿಡಿಯುವ ಮೊದಲು ಹಳ್ಳಗಳಿಗೆ ಸಂಕ ಹಾಕುವುದುಂಟು. ಎರಡು ಅಡಿಕೆ ಮರ ಇಲ್ಲವೇ ಒಂದು ಕಾಡುಮರದ ದಿಮ್ಮಿ, ಕೈಗೆ ಆಸರೆಯಾಗಿ ಬಿದಿರಿನ ಗಳ, ಇಷ್ಟೇ. ಕೆಳಗೆ ಕೆನ್ನೀರು ಭೋರ್ಗರೆಯುವಾಗ ಹೊಸಬರು ನಡುವಿನಲ್ಲಿ ನಿಂತುಬಿಡುತ್ತಾರೆ. ಮಂಡಿ ಸೆಟೆಯುತ್ತದೆ, ಉಸಿರು ಕಟ್ಟುತ್ತದೆ, ಕಣ್ಣು ನೀರಿಗೆ ಅಂಟಿಕೊಳ್ಳುತ್ತದೆ. ಶಾಲೆಗೆ ದಿನವೂ ಅದರ ಮೇಲೇ ಹೋಗಿ ಬರುವ ಮಕ್ಕಳು ಮಾತ್ರ ಆಚೆ ದಡ ನೋಡುತ್ತ, ಮೈ ಸಡಿಲ ಬಿಟ್ಟು ಸರಸರನೆ ದಾಟುತ್ತಾರೆ.

ಕುದುರೆಯ ಬೆನ್ನೇರಿದವನ ಪಾಡೂ ಇದೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಸಂಕಕ್ಕೆ ಜೀವವಿದೆ. ಮೇಲಿದ್ದವನು ಹೆದರಿದರೆ ಅದಕ್ಕೂ ಗೊತ್ತಾಗುತ್ತದೆ.

ಈ ಬೆಟ್ಟಸೀಮೆಗೆ ಕುದುರೆ ಹೊಸದಲ್ಲ. ಕಳಸದಾಚೆ ನಿಂತಿರುವ 1,894 ಮೀಟರ್ ಎತ್ತರದ ಶಿಖರಕ್ಕೆ ಅದರ ಆಕಾರದಿಂದಲೇ ಕುದುರೆಮುಖ ಎಂಬ ಹೆಸರು ಬಂತು. ಮೋಟಾರು ರಸ್ತೆ ಬರುವ ಮೊದಲು ಬ್ರಿಟಿಷ್ ತೋಟಗಾರರು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಹೋಗಲು ಕುದುರೆಯನ್ನೇ ನೆಚ್ಚಿಕೊಂಡಿದ್ದರು. 1850ರ ದಶಕದಲ್ಲಿ ಪಕ್ಕದ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಹಾಕಿದ ರಾಬರ್ಟ್ ಎಲಿಯಟ್ ಅಂಥವರ ಪೈಕಿ ಹೆಸರಾದವರು. ಇನ್ನೂ ಹಿಂದೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಆಡುವ ವಾಜಿವಾಹ್ಯಾಲಿ ವಿನೋದಕ್ಕೇ ಪ್ರತ್ಯೇಕ ಭಾಗವಿದೆ.

ಸವಾರನ ಮೈಬಿಗಿತ ಎಷ್ಟು ದುಬಾರಿ ಎಂಬುದು ಎದ್ದು ಕಾಣುವುದು ರೇನಿಂಗ್ ಎಂಬ ಅಮೆರಿಕದ ಸ್ಪರ್ಧೆಯಲ್ಲಿ. ಅಲ್ಲಿನ ದನಗಾಹಿಗಳು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಲಗಾಮು ಹಿಡಿದು ಹಿಂಡು ತಿರುಗಿಸುತ್ತಿದ್ದ ಕೆಲಸದಿಂದ ಹುಟ್ಟಿದ ಆಟವಿದು. ಅದಕ್ಕೊಂದು ರಾಷ್ಟ್ರೀಯ ಸಂಘಟನೆ ಕಟ್ಟಿದ್ದು 1966ರಲ್ಲಿ. ಸವಾರ ಕುದುರೆಯನ್ನು ದೊಡ್ಡ, ಚಿಕ್ಕ ವೃತ್ತಗಳಲ್ಲಿ ಓಡಿಸಬೇಕು, ನಿಂತಲ್ಲೇ ಬುಗುರಿಯಂತೆ ತಿರುಗಿಸಬೇಕು, ನಾಗಾಲೋಟದಲ್ಲಿ ಬಂದು ಹಿಂಗಾಲುಗಳ ಮೇಲೆ ಕುಕ್ಕರಿಸಿ ಮರಳಲ್ಲಿ ಮೀಟರುಗಟ್ಟಲೆ ಜಾರಿ ನಿಲ್ಲಿಸಬೇಕು. ಅಂಕ 70ರಿಂದ ಶುರುವಾಗಿ, ಪ್ರತಿ ವರಸೆಗೂ ಒಂದೂವರೆ ಅಂಕದವರೆಗೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಲಗಾಮು ಜೋತುಬಿದ್ದಿರಬೇಕು. ಕುದುರೆ ಎಳೆತಕ್ಕಲ್ಲ, ಸೂಚನೆಗೆ ಮನಸಾರೆ ಒಪ್ಪಿ ನಡೆಯುತ್ತಿದೆ ಎಂದು ತೀರ್ಪುಗಾರರಿಗೆ ಕಾಣಬೇಕು.

ಜಾರಿ ನಿಲ್ಲುವ ವರಸೆಯನ್ನೇ ನೋಡಿ. ನುರಿತ ಸವಾರ ಲಗಾಮಿಗೆ ಕೈ ಹಾಕುವ ಮೊದಲೇ ಉಸಿರು ಹೊರಬಿಡುತ್ತಾನೆ, ಸೊಂಟ ಸಡಿಲಿಸಿ ಜೀನಿನೊಳಕ್ಕೆ ಇಳಿಯುತ್ತಾನೆ, ‘ವೋ’ ಎನ್ನುತ್ತಾನೆ. ಕುದುರೆ ಬೆನ್ನು ಬಾಗಿಸಿ ಹಿಂಭಾಗವನ್ನು ನೆಲಕ್ಕೆ ತರುತ್ತದೆ. ಹೆದರಿದ ಸವಾರನಲ್ಲಿ ಎಲ್ಲವೂ ತಿರುಗುಮುರುಗು. ಭಯವಾದಾಗ ಮನುಷ್ಯ ಮುದುಡಿಕೊಳ್ಳುತ್ತಾನೆ: ಭುಜ ಮುಂದೆ ಬಾಗುತ್ತದೆ, ತೊಡೆ ಬಿಗಿಯುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಕೈ ಲಗಾಮನ್ನು ಜಗ್ಗುತ್ತದೆ. ಕಾಲಿನ ಒತ್ತು ಕುದುರೆಗೆ ‘ಓಡು’ ಎನ್ನುತ್ತದೆ, ಬಾಯಿಗೆ ಬಿದ್ದ ಎಳೆತ ‘ನಿಲ್ಲು’ ಎನ್ನುತ್ತದೆ. ಯಾವುದನ್ನು ಕೇಳಬೇಕೆಂದು ತಿಳಿಯದೆ ಅದು ತಲೆ ಎತ್ತಿ ಮುಂಗಾಲುಗಳ ಮೇಲೆ ಕುಕ್ಕುತ್ತ ನಿಲ್ಲುತ್ತದೆ. ಆ ಏಟಿಗೆ ಸವಾರ ಇನ್ನಷ್ಟು ಹೆದರುತ್ತಾನೆ.

ಕುದುರೆಗೆ ಇದು ಇಷ್ಟು ಬೇಗ ತಿಳಿಯುವುದೇಕೆ? ಅದು ಓಡಿ ಜೀವ ಉಳಿಸಿಕೊಂಡು ಬಂದ ಪ್ರಾಣಿ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಬಲ್ಲಷ್ಟು ಅದರ ಸ್ಪರ್ಶ ಸೂಕ್ಷ್ಮ. ಹಿಂಡಿನಲ್ಲಿ ಒಂದು ಬೆಚ್ಚಿದರೆ ಎಲ್ಲವೂ ಬೆಚ್ಚಬೇಕು. ಬೆನ್ನ ಮೇಲಿನವನ ಬಿಗಿತವನ್ನೂ ಅದು ಅಪಾಯದ ಸುದ್ದಿಯೆಂದೇ ಓದುತ್ತದೆ.

ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಇದನ್ನು ಸರಳವಾಗಿ ತೋರಿಸಿದರು. ಜನರು ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಬೇಕು ಅಥವಾ ಸವಾರಿ ಮಾಡಬೇಕು. ಕೊನೆಯ ಸಲಕ್ಕೆ ಮೊದಲು ‘ನೀವು ಹೋಗುವಾಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಅವರಿಗೆ ಹೇಳಲಾಯಿತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಕುದುರೆಗಳಿಗೆ ಕೊಡೆಯ ಮಾತೇ ಗೊತ್ತಿರಲಿಲ್ಲ.

ಕನ್ನಡ ನಾಡಿನ ಸವಾರನೊಬ್ಬ ಇಂಥ ಒತ್ತಡವನ್ನು ಜಗತ್ತಿನೆದುರು ಹೊತ್ತದ್ದೂ ಉಂಟು. ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ವೈದ್ಯರೊಬ್ಬರ ಮಗ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ, ಎರಡು ದಶಕಗಳ ಬಳಿಕ ಆ ವಿಭಾಗದಲ್ಲಿ ದೇಶದ ಏಕೈಕ ಸವಾರ ಅವರೇ.

ಈವೆಂಟಿಂಗ್‌ನಲ್ಲಿ ಮೂರು ಪರೀಕ್ಷೆ: ಶಿಸ್ತಿನ ನಡೆ, ಬಯಲು ಓಟ, ಬೇಲಿ ಜಿಗಿತ. ನಡೆಯಲ್ಲಿ ಕುದುರೆ ಮೆತ್ತಗಿರಬೇಕು. ಬಯಲು ಓಟದಲ್ಲಿ ಅದೇ ಕುದುರೆ ಸಿಡಿಲಿನಂತಿರಬೇಕು. ಟೋಕಿಯೊದಲ್ಲಿ ಮಿರ್ಜಾ ನಡೆಯಲ್ಲಿ 28 ದಂಡಾಂಕಗಳೊಂದಿಗೆ ಮುಂಚೂಣಿಯಲ್ಲಿದ್ದರು. ಬಯಲು ಓಟದಲ್ಲಿ ಒಂದು ತಡೆಯನ್ನೂ ತಪ್ಪಿಸದೆ ದಾಟಿ, ಸಮಯ ಮೀರಿದ್ದಕ್ಕೆ ಮಾತ್ರ 11.20 ದಂಡ ತೆತ್ತರು. ಸೆಕೆಂಡಿಗೆ 0.4ರ ಲೆಕ್ಕದಲ್ಲಿ ಅದು 28 ಸೆಕೆಂಡು. ಕೊನೆಗೆ ಜಿಗಿತದ ಅಂತಿಮ ಸುತ್ತು ತಲುಪಿ 23ನೇ ಸ್ಥಾನ ಪಡೆದರು.

ಇಷ್ಟು ದೂರ ಹೋಗದವರಿಗೂ ಬಿಗಿತ ಬಿಡಿಸುವ ದಾರಿಗಳು ಒಂದೇ. ಅಮೆರಿಕದ ತರಬೇತುದಾರ್ತಿ ಸ್ಯಾಲಿ ಸ್ವಿಫ್ಟ್ ಅವುಗಳನ್ನು 1985ರಲ್ಲಿ ಪುಸ್ತಕವಾಗಿಸಿದರು. ಬಾಲ್ಯದಲ್ಲೇ ಬೆನ್ನುಹುರಿ ಬಾಗಿದ್ದ ಆಕೆಗೆ, ದೇಹ ತನ್ನ ಮಾತು ಕೇಳದಿರುವುದೆಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ‘ಸಡಿಲವಾಗಿರು’ ಎಂದು ಬರಿದೇ ಹೇಳಿದರೆ ಯಾರೂ ಸಡಿಲವಾಗುವುದಿಲ್ಲ ಎಂದರಿತು, ಅವರು ಮೈಗೆ ಮಾಡಲು ಕೆಲಸ ಕೊಟ್ಟರು. ಒಂದೇ ಬಿಂದುವಿಗೆ ಕಣ್ಣು ನೆಡದೆ ಇಡೀ ಬಯಲನ್ನು ನೋಡುವುದು. ಹೊಟ್ಟೆಯ ಆಳದಿಂದ ಉಸಿರಾಡುವುದು. ತೂಕವನ್ನು ಹೊಕ್ಕುಳ ಕೆಳಗೆ ಇಳಿಸುವುದು. ತಲೆ, ಎದೆ, ಸೊಂಟ, ಪಾದಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕೂರುವುದು.

ಸವಾರಿ ಶಾಲೆಗಳ ರೂಢಿಯಲ್ಲಿರುವ ಉಪಾಯಗಳೂ ಇವೆ. ಭುಜಗಳನ್ನು ಕಿವಿಯವರೆಗೆ ಎತ್ತಿ ಒಮ್ಮೆಲೇ ಬಿಡುವುದು; ಬಿಗಿತ ಎಲ್ಲಿದೆಯೆಂದು ಆಗ ಮೈಗೇ ಗೊತ್ತಾಗುತ್ತದೆ. ಗುರು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುವಾಗ, ಲಗಾಮಿಲ್ಲದೆ ಕೂತು ಅದರ ಹೆಜ್ಜೆ ಎಣಿಸುವುದು. ಸವಾರಿ ಮಾಡುತ್ತಲೇ ಗಟ್ಟಿಯಾಗಿ ಹಾಡುವುದು, ಏಕೆಂದರೆ ಹಾಡುವ ಬಾಯಿಗೆ ಉಸಿರು ಹಿಡಿದಿಡಲು ಆಗದು. ನಾಗಾಲೋಟದ ನಿಲುಗಡೆ ಎದೆ ನಡುಗಿಸಿದರೆ ನಡಿಗೆಯಲ್ಲಿ ನಿಲ್ಲಿಸಿ ನೋಡುವುದು, ಆಮೇಲೆ ಕುಕ್ಕುಲೋಟದಲ್ಲಿ, ಕೊನೆಗೆ ವೇಗದಲ್ಲಿ. ಬಿದ್ದವರು ಮರಳಿ ಹತ್ತುವಾಗ ಕೆಚ್ಚಿಗಿಂತ ಒಂದು ಸಾಧು ಕುದುರೆ, ತಲೆಗೆ ಸರಿಯಾದ ಹೆಲ್ಮೆಟ್ ಹೆಚ್ಚು ನೆರವಾಗುತ್ತವೆ. ಆ ಭಯಕ್ಕೆ ಕಾರಣವಿದೆ. ಅದನ್ನು ಅವಮಾನವೆಂದು ಮುಚ್ಚಿಟ್ಟರೆ ಮೈ ಇನ್ನಷ್ಟು ಬಿಗಿಯುತ್ತದೆ.

ಬಿಗಿತ ಬಿಟ್ಟಿತೇ ಎಂದು ತಿಳಿಯಲು ಅನುಭವಿ ಗುರುಗಳು ಸವಾರನ ಮುಖಕ್ಕಿಂತ ಕುದುರೆಯನ್ನು ನೋಡುತ್ತಾರೆ. ಕತ್ತು ಕೆಳಗಿಳಿಯುತ್ತದೆ, ಕಿವಿಗಳು ಸಡಿಲಾಗಿ ಅತ್ತಿತ್ತ ಆಡುತ್ತವೆ, ಬೆನ್ನು ಹೆಜ್ಜೆಯೊಡನೆ ತೂಗುತ್ತದೆ. ಆಮೇಲೆ ಮೂಗಿನಿಂದ ಒಂದು ನೀಳವಾದ ಫುರ್ರೆಂಬ ಸದ್ದು. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕುದುರೆ ನೆಮ್ಮದಿಯಾಗಿರುವಾಗ ಆ ಸದ್ದು ಹೆಚ್ಚು. ಅದು ಕೇಳಿದ ಮೇಲೆಯೇ ಗುರು ಮುಂದಿನ ಪಾಠ ಹೇಳುತ್ತಾರೆ.