ಲ್ಯಾಪ್‌ಟಾಪ್ ನಡುವೆಯೇ ಬಂದ್ ಬೀಳ್ತದೆಯೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ಅಕ್ಕಲಕೋಟ: ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕುಳಿತರೆ ಇಪ್ಪತ್ತೇ ನಿಮಿಷಕ್ಕೆ ಪರದೆ ಕಪ್ಪು. ಮತ್ತೆ ಚಾಲೂ ಮಾಡಿದರೆ ಹತ್ತು ನಿಮಿಷ, ಮೂರನೇ ಸಲ ಐದೇ ನಿಮಿಷ. ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯ ಗುರುಗಳೊಬ್ಬರ ಲ್ಯಾಪ್‌ಟಾಪ್ ಏಪ್ರಿಲ್ ತಿಂಗಳಿಡೀ ಹೀಗೇ ಕಾಡಿತು. ಸೋಲಾಪುರದ ಅಂಗಡಿಗೆ ಒಯ್ದರು. ಅಲ್ಲಿನ ಹುಡುಗ ಒಮ್ಮೆ ಚಾಲೂ ಮಾಡಿ ನೋಡಿ, "ಮದರ್‌ಬೋರ್ಡ್ ಗೇಲಾಯ್ ಸರ್, ನಾಹೀತರ್ ಫಾರ್ಮ್ಯಾಟ್ ಕರೂನ್ ಬಘೂ" ಅಂದ. ಬೋರ್ಡಿನ ರೇಟು ಕೇಳಿದ ಮೇಲೆ ಗುರುಗಳು ಫಾರ್ಮ್ಯಾಟ್‌ಗೇ ಹೂಂ ಅನ್ನುವವರಿದ್ದರು.

ಅದರೊಳಗೆ ಇದ್ದದ್ದು ಹನ್ನೊಂದು ವರ್ಷದ ಕನ್ನಡ ಪ್ರಶ್ನೆಪತ್ರಿಕೆಗಳು, ಸ್ಕಾಲರ್‌ಶಿಪ್ ಪರೀಕ್ಷೆಯ ಅಭ್ಯಾಸದ ಹಾಳೆಗಳು, ಗ್ಯಾದರಿಂಗ್‌ಗೆ ಬರೆದ ನಾಟಕಗಳು. ಎಲ್ಲಾ ನುಡಿಯಲ್ಲಿ ಟೈಪ್ ಮಾಡಿದ್ದು, ಬೇರೆ ಎಲ್ಲೂ ನಕಲು ಇಲ್ಲ. ಗಡಿಯ ಈಚೆ ಕನ್ನಡದ ಅಭ್ಯಾಸ ಸಾಮಗ್ರಿ ಅಂಗಡಿಯಲ್ಲಿ ಸಿಗೋದು ಎಷ್ಟು ಅಂತ ಪಾಲಕರಿಗೆ ಗೊತ್ತೇ ಇದೆ. ಪುಣ್ಯಕ್ಕೆ ಗುರುಗಳು, "ನಾಳೆ ಬರ್ತೀನಿ" ಅಂತ ಹೇಳಿ ಲ್ಯಾಪ್‌ಟಾಪ್ ವಾಪಸ್ ತಂದರು.

ಪದೇ ಪದೇ ಬಂದ್ ಬೀಳುವ ಯಂತ್ರಕ್ಕೆ ಒಂದೇ ರೋಗ ಇರುವುದಿಲ್ಲ. ಶಾಖ, ಕರೆಂಟು, ರ್‍ಯಾಮ್, ಡಿಸ್ಕ್, ಡ್ರೈವರ್ ಎಂಬ ಚಿಕ್ಕ ಸಾಫ್ಟ್‌ವೇರ್ ಇವುಗಳಲ್ಲಿ ಯಾವುದಾದರೂ ಇರಬಹುದು. ಯಾವುದು ಅಂತ ತಿಳಿಯದೇ ಫಾರ್ಮ್ಯಾಟ್ ಮಾಡುವುದು, ಕಿರ್ದಿ ನೋಡದೇ ಹೊಸ ಖಾತೆ ಪುಸ್ತಕ ತೆಗೆದ ಹಾಗೆ. ತಪ್ಪು ಎಲ್ಲಿತ್ತೋ ಅಲ್ಲೇ ಇರ್ತದೆ, ಹಳೆ ಲೆಕ್ಕ ಮಾತ್ರ ಹೋಗ್ತದೆ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಬಂದ್ ಬಿತ್ತು, ಚಾಲೂ ಮಾಡಿ ಎಷ್ಟು ಹೊತ್ತಾಗಿತ್ತು, ಚಾರ್ಜರ್ ಹಚ್ಚಿತ್ತೋ ಇಲ್ಲವೋ, ತಳ ಬಿಸಿ ಇತ್ತೋ, ಏನು ಕೆಲಸ ನಡೆದಿತ್ತು, ಇಷ್ಟು ಬರೆದರೆ ಸಾಕು. ನಾಲ್ಕೈದು ಸಲ ಬರೆಯುವಷ್ಟರಲ್ಲಿ ಒಂದು ಚಾಳಿ ಕಾಣಿಸುತ್ತದೆ. ಬೀಳುವ ರೀತಿಯನ್ನೂ ನೋಡಿ. ದೀಪ ಆರಿದಂತೆ ಒಮ್ಮೆಲೇ ಆರಿದರೆ ಸಂಶಯ ಶಾಖದ ಮೇಲೆ, ಇಲ್ಲವೇ ಕರೆಂಟಿನ ಮೇಲೆ. ನೀಲಿ ಪರದೆ ಬಂದು (ವಿಂಡೋಸ್ 11ರಲ್ಲಿ 2025ರಿಂದ ಇದು ಕಪ್ಪು ಪರದೆ) ಇಂಗ್ಲಿಷಿನಲ್ಲಿ ಏನೋ ಬರೆದು ಮತ್ತೆ ಚಾಲೂ ಆದರೆ ಹೆಚ್ಚಾಗಿ ಡ್ರೈವರ್, ರ್‍ಯಾಮ್ ಅಥವಾ ಡಿಸ್ಕ್. ಮೌಸ್ ಕೂಡ ಅಲುಗಾಡದೇ ನಿಮಿಷಗಟ್ಟಲೆ ಹೆಪ್ಪುಗಟ್ಟಿ ನಿಂತರೆ ಮೊದಲು ಡಿಸ್ಕ್ ನೋಡಬೇಕು.

ಚಾದರ ಮೇಲೆ ಇಡಬೇಡಿ

ಗುರುಗಳ ನೋಟ್‌ಬುಕ್ ಮೂರೇ ದಿನಕ್ಕೆ ಬಾಯಿ ಬಿಟ್ಟಿತು. ಬೆಳಿಗ್ಗೆ ಆರು ಗಂಟೆಗೆ ಕುಳಿತರೆ ಒಂದೂವರೆ ತಾಸು ಸುರಳೀತ, ಮಧ್ಯಾಹ್ನ ಮೂರಕ್ಕೆ ಕುಳಿತರೆ ಕಾಲು ತಾಸೂ ಇಲ್ಲ. ಬಂದ್ ಬಿದ್ದ ಕೂಡಲೇ ಚಾಲೂ ಮಾಡಿದರೆ ಇನ್ನೂ ಬೇಗ ಬೀಳುತ್ತಿತ್ತು. ಮದರ್‌ಬೋರ್ಡ್ ಹೋಗಿದ್ದರೆ ಅದಕ್ಕೆ ಬೆಳಗು ಮಧ್ಯಾಹ್ನ ಅಂತ ಭೇದ ಯಾಕೆ ಇರಬೇಕು?

ಲ್ಯಾಪ್‌ಟಾಪಿನ ಪ್ರೊಸೆಸರ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ವೇಗ ತಗ್ಗಿಸುತ್ತದೆ, ಇನ್ನೂ ಏರಿದರೆ ಸುಟ್ಟುಹೋಗುವ ಬದಲು ಬಂದ್ ಆಗುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅದರ ಮೇಲೆ ಹಾಸಿಗೆಯಲ್ಲಿ ಸೋಲಾಪುರಿ ಚಾದರ ಹಾಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ತಳದ ಕಿಂಡಿಗಳು ಪೂರಾ ಮುಚ್ಚಿ, ಅರಳೆಯ ನವಿರು ಎಳೆಗಳು ಒಳಗೆ ಹೋಗುತ್ತವೆ. ಪವರ್‌ಲೂಮ್ ಇರುವ ಮನೆಗಳಲ್ಲಂತೂ ಹೇಳುವುದೇ ಬೇಡ. ಫ್ಯಾನಿನ ಮುಂದಿನ ತಾಮ್ರದ ರೆಕ್ಕೆಗಳ ಮೇಲೆ ಈ ಹಿಂಜು ಕೂತು ಕಂಬಳಿ ತುಂಡಿನಂತೆ ಗಟ್ಟಿಯಾಗುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಗಾಳಿ ಮಾತ್ರ ಹೊರಗೆ ಬರುವುದಿಲ್ಲ.

ಪರೀಕ್ಷೆ ಸರಳ. ಗಟ್ಟಿ ಹಲಗೆಯ ಮೇಲೆ, ಹಿಂದಿನ ಭಾಗ ಒಂದಿಂಚು ಎತ್ತರಿಸಿ ಇಟ್ಟು, ಪಂಖಾ ಹಚ್ಚಿ ನಡೆಸಿ. ಬಂದ್ ಬೀಳುವ ಸಮಯ ಮುಂದೆ ಹೋದರೆ ರೋಗ ಶಾಖದ್ದೇ. ಗುರುಗಳದು ಹಾಗೇ ಆಯಿತು. ಹಿಂದಿನ ಮುಚ್ಚಳ ಬಿಚ್ಚಿಸಿ ಹಿಂಜು ತೆಗೆಸಿ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದರು. ಬೋರ್ಡು ಅದೇ ಇದೆ, ಪ್ರಶ್ನೆಪತ್ರಿಕೆಗಳೂ ಇವೆ. ಬ್ಲೋವರ್‌ನಿಂದ ಊದಿಸುವಾಗ ಫ್ಯಾನಿನ ಎಲೆಯನ್ನು ಕಡ್ಡಿಯಿಂದ ಹಿಡಿಯಲು ಹೇಳಿ. ಗಾಳಿಗೆ ವಿಪರೀತ ತಿರುಗಿದರೆ ಫ್ಯಾನೇ ಹಾಳಾಗಬಹುದು.

ಶಾಖ ಅಲ್ಲದಿದ್ದರೆ ಕರೆಂಟು ನೋಡಿ. ಲೈಟು ಹೋದ ಕ್ಷಣವೇ ಲ್ಯಾಪ್‌ಟಾಪೂ ಆರಿದರೆ ಬ್ಯಾಟರಿ ಮುಗಿದಿದೆ ಎಂದರ್ಥ, ಕ್ರ್ಯಾಶ್ ಅಲ್ಲ. ಬ್ಯಾಟರಿ ಮೇಲೆ ಚೆನ್ನಾಗಿ ನಡೆದು ಚಾರ್ಜರ್ ಹಚ್ಚಿದಾಗ ತೊಂದರೆ ಕೊಟ್ಟರೆ ಅಡಾಪ್ಟರ್ ಮೇಲೆ ಸಂಶಯ. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನ ಡುಪ್ಲಿಕೇಟ್ ಹಚ್ಚಿದವರಿದ್ದಾರೆ. ಇನ್ನು ಟಚ್‌ಪ್ಯಾಡ್ ಮೇಲೆದ್ದರೆ, ತಳ ಉಬ್ಬಿದರೆ ಅದು ಬ್ಯಾಟರಿ ಊದಿಕೊಂಡ ಲಕ್ಷಣ. ಅಂಥದ್ದನ್ನು ಆ ಕ್ಷಣವೇ ಬಂದ್ ಮಾಡಿ ಚಾರ್ಜರ್ ಕಿತ್ತು, ಮಕ್ಕಳ ಕೈಗೆ ಸಿಗದಂತೆ ಇಡಿ. ಒತ್ತುವುದು, ಚುಚ್ಚುವುದು ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

ಪರದೆಯ ಫೋಟೋ ತೆಗೆಯಿರಿ

ನೀಲಿ ಅಥವಾ ಕಪ್ಪು ಪರದೆ ಬಂದಾಗ ಹೆದರದೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕೆಳಗೆ ಸ್ಟಾಪ್ ಕೋಡ್ ಇರುತ್ತದೆ, ಕೆಲವು ಸಲ ಒಂದು ಫೈಲಿನ ಹೆಸರೂ ಇರುತ್ತದೆ. ಪ್ರತಿ ಸಲ ಅದೇ ಫೈಲು ಬಂದರೆ ಅದು ಯಾವುದೋ ಡ್ರೈವರಿನದು. ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಬದಲಿಸಿದರೆ ಮುಗೀತು, ಖರ್ಚಿಲ್ಲ. ಪ್ರತಿ ಸಲ ಬೇರೆ ಬೇರೆ ಕೋಡ್ ಬಂದರೆ ರ್‍ಯಾಮ್ ಮೇಲೆ ಸಂಶಯ ಹೆಚ್ಚು. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್' ಹುಡುಕಿ ನಡೆಸಬಹುದು. ಅದು ಪಾಸ್ ಅಂದ ಮಾತ್ರಕ್ಕೆ ರ್‍ಯಾಮ್ ಸರಿ ಇದೆ ಅಂತಲ್ಲ. ಪೆನ್‌ಡ್ರೈವ್‌ನಿಂದ ನಡೆಯುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಬಿಟ್ಟರೆ ಹೆಚ್ಚು ನಂಬಬಹುದು. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನಡೆಸುವುದು ಎಲ್ಲಕ್ಕಿಂತ ಸುಲಭ.

ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿದರೆ ದಿನವಾರು ಒಂದು ಪಟ್ಟಿ ತೆರೆಯುತ್ತದೆ. ಯಂತ್ರ ಬಿದ್ದ ದಿನ ಕೆಂಪು ಗುರುತು, ಹೊಸ ಸಾಫ್ಟ್‌ವೇರ್ ಹಾಕಿದ ದಿನದ ದಾಖಲೆಯೂ ಅಲ್ಲೇ. ಎರಡನ್ನೂ ತಾಳೆ ನೋಡಿ. ಕೆಲ ಅಂಗಡಿಗಳಲ್ಲಿ ಈವೆಂಟ್ ವ್ಯೂವರ್ ತೆರೆದು 'ಕರ್ನಲ್-ಪವರ್ 41' ತೋರಿಸಿ, "ನೋಡ್ರೀ ಸರ್, ಪವರ್ ಐಸಿ ಹೋಗೇದ" ಅನ್ನುತ್ತಾರೆ. ಆ 41ರ ಅರ್ಥ, ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೇ ನಿಂತಿತ್ತು ಅಂತ ಅಷ್ಟೇ. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿದರೂ ಅದೇ ದಾಖಲೆ ಬರ್ತದೆ. ಕಾರಣ ಅದರಲ್ಲಿಲ್ಲ.

ಸಾಫ್ಟ್‌ವೇರೋ ಹಾರ್ಡ್‌ವೇರೋ ಎಂದು ತಿಳಿಯಲು ಸೇಫ್ ಮೋಡ್‌ನಲ್ಲಿ ಎರಡು ತಾಸು ನಡೆಸಿ. ಅಲ್ಲಿ ಬೀಳದಿದ್ದರೆ ಸಂಶಯ ಸಾಫ್ಟ್‌ವೇರ್ ಕಡೆ ವಾಲುತ್ತದೆ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಂದೇ ದಿನ ನೀಲಿ ಪರದೆ ತೋರಿಸಿ ಕೂತದ್ದು ನೆನಪಿರಬಹುದು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದರು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ದೋಷದ ಅಪ್‌ಡೇಟ್ ಅದಕ್ಕೆ ಕಾರಣ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸಿದರೆ ಯಂತ್ರ ಏಳುತ್ತಿತ್ತು. ಫಾರ್ಮ್ಯಾಟ್ ಬೇಕಿರಲಿಲ್ಲ. ಹೊಸ ಲ್ಯಾಪ್‌ಟಾಪ್‌ಗಳು ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು, ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಯಂತ್ರ ಅದರಿಂದಲೇ ಬಂದ್ ಬೀಳುತ್ತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಂತದ್ದು ಭದ್ರತೆಯ ಅಪ್‌ಡೇಟ್.

ಡಿಸ್ಕ್ ಮೇಲೆ ಸಂಶಯ ಬಂದರೆ ಮಾತ್ರ ಕ್ರಮ ಬೇರೆ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫೈಲ್ ತೆರೆಯಲು ನಿಮಿಷ ಹಿಡಿಯುತ್ತಿದ್ದರೆ, ರಿಪೇರಿ ಪರೀಕ್ಷೆ ನಡೆಸುವ ಮೊದಲು ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಸಾಯುವ ಡಿಸ್ಕಿಗೆ ಪರೀಕ್ಷೆಯ ಭಾರವೂ ಹೆಚ್ಚಾಗಬಹುದು.

ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೆ ಗಡಿಯಲ್ಲಿರುವ ನಮಗೆ ಇನ್ನೊಂದು ಪೇಚು. ಹಳೆ ನುಡಿ, ಬರಹದಲ್ಲಿ ಟೈಪ್ ಮಾಡಿದ ಫೈಲುಗಳು ಅವುಗಳದೇ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಗೊಜ್ಜಿನಂತೆ ಕಾಣುತ್ತವೆ. ಮರಾಠಿ ಶ್ರೀಲಿಪಿ ನೋಡಿ ಗೊತ್ತಿರುವ ಹುಡುಗನಿಗೂ ಕನ್ನಡದ ಫಾಂಟ್ ಗುರುತು ಹತ್ತುವುದಿಲ್ಲ, "ಫೈಲ್ ಕರಪ್ಟ್ ಝಾಲೀ" ಅಂತ ಅಳಿಸಿಬಿಡುವ ಸಂಭವ ಉಂಟು. ಫೈಲಿಗೆ ಏನೂ ಆಗಿರುವುದಿಲ್ಲ, ನುಡಿ ಮತ್ತೆ ಹಾಕಿದರೆ ಅಕ್ಷರ ಬರುತ್ತವೆ. ಸಿ ಡ್ರೈವ್‌ನ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೂ ಬ್ಯಾಕಪ್ ಜೊತೆ ತೆಗೆದುಕೊಳ್ಳಲು ಹೇಳಿ.

ಅಂಗಡಿಗೆ ಒಯ್ಯುವಾಗ ನೋಟ್‌ಬುಕ್, ಪರದೆಯ ಫೋಟೋ, ಚಾರ್ಜರ್ ಮೂರೂ ಒಯ್ಯಿರಿ. ಪಾರ್ಟ್ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ, ಹೊಸದರ ನಂಬರ್ ಬಿಲ್ಲಿನಲ್ಲಿ ಬರೆಸಿ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗಿಬರಲು 80 ಕಿ.ಮೀ. ಆಗುತ್ತದೆ. ಇಪ್ಪತ್ತು ನಿಮಿಷಕ್ಕೆ ಬೀಳುತ್ತಿದ್ದ ಯಂತ್ರವನ್ನು ಅಲ್ಲೇ ಒಂದು ತಾಸು ನಡೆಸಿ ನೋಡಿ, ಆಮೇಲೆ ಹಣ ಕೊಡಿ.